ಊರಿನ ಕಾಳು, ಜಪಾನಿನ ತಂಪು

ವೈಶಾಖ ಕಾಲಿಟ್ಟಿತೆಂದರೆ ಗೋವೆಯಲ್ಲಿ ನೆಲೆಸಿದ ನಮಗೆಲ್ಲ ಒಲೆಯ ಮುಂದೆ ನಿಲ್ಲುವುದೇ ಒಂದು ಶಿಕ್ಷೆ. ಬಿಸಿಲಿಗಿಂತಲೂ ಕಡಲ ಸೆಕೆ ಹೆಚ್ಚು ಕಾಡುತ್ತದೆ. ಬಿಸಿ ಸಾರನ್ನು ಕಂಡರೆ ಮಕ್ಕಳು ಮುಖ ತಿರುಗಿಸುತ್ತಾರೆ. ಇಂಥ ದಿನಗಳಿಗೆಂದೇ ನೆರೆಯ ಕೊಂಕಣಿ ಮನೆಗಳಲ್ಲಿ ಸೋಲಕಢಿಯಿದೆ, ಉತ್ತರ ಕನ್ನಡದಿಂದ ಬಂದವರಲ್ಲಿ ತಂಬುಳಿಯಿದೆ. ಈ ಸಲ ಅವುಗಳ ಪಂಕ್ತಿಯಲ್ಲಿ ಜಪಾನಿನ ವ್ಯಂಜನವೊಂದಕ್ಕೆ ಎಡೆಮಾಡಿಕೊಡಬೇಕೆಂದಿದ್ದೇವೆ. ಅದರ ಹೆಸರು ಹಿಯಯಾಕ್ಕೊ, ಅಂದರೆ ತಣ್ಣನೆಯ ತೋಫು.

ಸೋಯಾ ಅವರೆಯ ಹಾಲನ್ನು ಒಡೆಸಿ, ಪನೀರಿನಂತೆ ಗಟ್ಟಿಮಾಡಿದ್ದೇ ತೋಫು. ಹಿಂದೆ ಜಪಾನಿನಲ್ಲಿ ಯಾಕ್ಕೊ ಎಂಬ ಸೇವಕರ ಅಂಗಿಯ ಮೇಲೆ ಚೌಕದ ಮುದ್ರೆ ಇರುತ್ತಿತ್ತಂತೆ. ಚೌಕವಾಗಿ ಕೊಯ್ದ ತೋಫುವಿಗೂ ಆ ಹೆಸರೇ ನಿಂತಿತು. 1782ರಷ್ಟು ಹಿಂದೆಯೇ ಒಸಾಕಾದಲ್ಲಿ ತೋಫುವಿನ ನೂರು ಪಾಕಗಳ ಪುಸ್ತಕವೊಂದು ಅಚ್ಚಾಗಿತ್ತು.

ಹೆಸರು ಪರದೇಶದ್ದಾದರೂ ಕಾಳು ನಮ್ಮದೇ. ಬೆಳಗಾವಿ, ಧಾರವಾಡ, ಬೀದರ ಜಿಲ್ಲೆಗಳಲ್ಲಿ ಮುಂಗಾರಿನೊಡನೆ ಸೋಯಾ ಅವರೆಯನ್ನು ಬಿತ್ತುತ್ತಾರೆ. ಬಹುಪಾಲು ಬೆಳೆ ಎಣ್ಣೆಯ ಗಿರಣಿಗೆ ಹೋಗುತ್ತದೆ, ಹಿಂಡಿ ಕೋಳಿ-ದನಗಳ ಮೇವಿಗೆ. ಬೆಳೆದವರ ತಾಟಿಗೆ ಬರುವುದು ಅಪರೂಪ.

ನಾಲ್ಕೈದು ಜನರಿಗೆ ಕಾಲು ಕಿಲೋ ಕಾಳು ಸಾಕು. ರಾತ್ರಿ ನೆನೆಹಾಕಿ, ಬೆಳಿಗ್ಗೆ ತೊಳೆದು, ಒಟ್ಟು ಎರಡು ಲೀಟರಿನಷ್ಟು ನೀರು ಸೇರಿಸಿ ನುಣ್ಣಗೆ ರುಬ್ಬಬೇಕು. ದೊಡ್ಡ ಪಾತ್ರೆಯಲ್ಲಿ, ತಳ ಹತ್ತದಂತೆ ತಿರುವುತ್ತ ಕುದಿಸಬೇಕು. ಮೊದಲ ಸಲ ನಾವು ನೊರೆ ಉಕ್ಕಿದ್ದನ್ನೇ ಕುದಿಯೆಂದು ನಂಬಿ ಇಳಿಸಿಬಿಟ್ಟೆವು; ಹಸಿವಾಸನೆ ಹೋಗಿರಲಿಲ್ಲ, ಯಾರೂ ಮುಟ್ಟಲಿಲ್ಲ. ನೊರೆ ಇಳಿದ ಮೇಲೂ ಹತ್ತು ನಿಮಿಷ ಕುದಿಯಲೇಬೇಕು. ಇದು ರುಚಿಯ ಮಾತಷ್ಟೇ ಅಲ್ಲ: ಹಸಿ ಸೋಯಾದಲ್ಲಿ ಜೀರ್ಣಕ್ಕೆ ಅಡ್ಡಿಮಾಡುವ ಅಂಶವಿದ್ದು, ಅದು ಚೆನ್ನಾಗಿ ಕಾದರೆ ಮಾತ್ರ ಅಡಗುತ್ತದೆ.

ಬಟ್ಟೆಯಲ್ಲಿ ಸೋಸಿ, ಚರಟವನ್ನು ಥಾಲಿಪೆಟ್ಟಿನ ಹಿಟ್ಟಿಗೆ ಇಟ್ಟುಕೊಳ್ಳಿರಿ. ಹಾಲನ್ನು ಮತ್ತೆ ಬಿಸಿಮಾಡಿ ಇಳಿಸಿ, ಕುದಿ ಅಡಗಿದ ಮೇಲೆ ಎರಡು-ಮೂರು ನಿಂಬೆಯ ರಸವನ್ನು ಒಂದು ಬಟ್ಟಲು ನೀರಿನಲ್ಲಿ ಬೆರೆಸಿ, ಮೂರು ಸಲಕ್ಕೆ ಮೆಲ್ಲಗೆ ಹಾಕಿರಿ. ತಿಳಿನೀರು ಬೇರ್ಪಟ್ಟಾಗ ಬಟ್ಟೆಗೆ ಸುರುವಿ, ಹಗುರಾದ ಭಾರವಿಟ್ಟು ಕಾಲು ಗಂಟೆ ಬಿಡಿರಿ. ಭಾರ ಹೆಚ್ಚಾದರೆ ಮೃದುತ್ವ ಹೋದೀತು. ಬಳಿಕ ತಣ್ಣೀರಿನಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಡಿರಿ. ಈ ಸೆಕೆಯಲ್ಲಿ ಹೊರಗಿಡಲಾಗದು, ಮರುದಿನದೊಳಗೆ ಮುಗಿಸುವುದು ಲೇಸು.

ಬಡಿಸುವಾಗ ನೀರು ಬಸಿದು, ಚೌಕವಾಗಿ ಕೊಯ್ದು, ಮೇಲೆ ಹೆರೆದ ಶುಂಠಿ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ ತಪ್ಪಲು, ಕೆಲವೇ ಹನಿ ಸೋಯಾ ಸಾಸ್. ಸಾಸಿನಲ್ಲೇ ಉಪ್ಪಿರುವುದರಿಂದ ಬೇರೆ ಉಪ್ಪು ಬೇಡ. ಜಪಾನಿನವರು ಒಣಗಿಸಿದ ಬೊನಿಟೊ ಮೀನಿನ ಹೆರಕಲನ್ನೂ ಉದುರಿಸುವುದುಂಟು. ಮೀನು ತಿನ್ನುವವರು ಇಲ್ಲಿಯ ಒಣ ಸಿಗಡಿಯನ್ನು ಹುರಿದು ಪುಡಿಮಾಡಿ ಹಾಕಬಹುದು. ಉಳಿದವರಿಗೆ ಹುರಿದ ಎಳ್ಳು ಇದ್ದೇ ಇದೆ.

ಕಳೆದ ಬೇಸಗೆಯಲ್ಲಿ ಬೈಲಹೊಂಗಲದ ಕಡೆಯ ಹಿರಿಯರೊಬ್ಬರು ಮಗಳ ಮನೆಗೆಂದು ವಾಸ್ಕೋಗೆ ಬಂದವರು ನಮ್ಮಲ್ಲಿಯೂ ಒಂದು ಹೊತ್ತು ಉಂಡರು. ತಾಟಿನಲ್ಲಿದ್ದ ಬಿಳಿಯ ಚೌಕ ಯಾವುದೆಂದು ಕೇಳಿದರು, ಹೇಳಿದೆವು. ಇಪ್ಪತ್ತು ವರ್ಷ ಆ ಕಾಳನ್ನೇ ಬಿತ್ತಿದವರು ಅವರು. ಬಾಯಿಗೆ ಹಾಕಿಕೊಂಡದ್ದು ಅಂದೇ ಮೊದಲು. ಸ್ವಲ್ಪ ಹೊತ್ತು ಸುಮ್ಮನಿದ್ದು, ಇನ್ನೊಂದು ತುಂಡು ಕೇಳಿದರು. ಊರಿಗೆ ಹೊರಡುವಾಗ, ಮುಂದಿನ ಸುಗ್ಗಿಯಲ್ಲಿ ಮನೆಗೆಂದು ಒಂದು ಚೀಲ ಉಳಿಸಿಕೊಳ್ಳುವುದಾಗಿ ಹೇಳಿಹೋದರು.

ಊರಿನಿಂದ ಬರುವವರ ಕೈಯಲ್ಲಿ ಈ ಸಲ ರೊಟ್ಟಿ-ಚಟ್ನಿಪುಡಿಗಳ ಜೊತೆಗೆ ಎರಡು ಸೇರು ಈ ಕಾಳನ್ನೂ ತರಿಸಿರಿ. ಅದು ಎಲ್ಲಿಯ ಕಾಳೆಂಬುದನ್ನು ಬಡಿಸುವಾಗ ಮಕ್ಕಳಿಗೆ ಹೇಳಲು ಮರೆಯದಿರಿ.