ಎಕರೆ, ಗುಂಟೆ ಮತ್ತು ಯಂತ್ರದ ಲೆಕ್ಕ

ಸಾಂಬ್ರಾಣಿ ಎಂಬ ಹೆಸರನ್ನು ಕೇಳಿದೊಡನೆ ಗೃಹಿಣಿಯರಿಗೆ ಮುಸ್ಸಂಜೆಯ ಧೂಪವೂ, ಎಣ್ಣೆನೀರಾದ ಎಳೆಗೂಸಿಗೆ ಹಿಡಿಯುವ ಹೊಗೆಯೂ ನೆನಪಾಗುವುದು ಸಹಜ. ಆದರೆ ಕಂದಾಯ ಇಲಾಖೆಯ ಕಡತಗಳಲ್ಲಿ ಸಾಂಬ್ರಾಣಿಯೆಂಬುದು ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ ತಾಲ್ಲೂಕಿನ ಒಂದು ಹೋಬಳಿ. ಒಂದು ಕಡೆ ಧಾರವಾಡದ ಬಯಲು, ಇನ್ನೊಂದು ಕಡೆ ಕಾಳಿ ಕಣಿವೆಯ ಕಾಡು. ಇವೆರಡರ ನಡುವಣ ಅಂಚಿನ ನೆಲದಲ್ಲಿ ಭತ್ತ, ಗೋವಿನಜೋಳ, ಹತ್ತಿ, ಕಬ್ಬುಗಳನ್ನು ಬೆಳೆಯುವ ಒಕ್ಕಲುಮಕ್ಕಳ ಊರುಗಳು ಇಲ್ಲಿವೆ. ಇವರ ಹೊಲಕ್ಕೂ, ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ಕುಳಿತು ಕಂಪ್ಯೂಟರಿನಲ್ಲಿ ವರದಿ ಸಿದ್ಧಪಡಿಸುವ ತರುಣ ತರುಣಿಯರಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು; ಅದೂ ಹಣಕಾಸಿನ ಸಂಬಂಧ.

ಇಂದು ಮಧ್ಯಮ ವರ್ಗದ ಎಷ್ಟೋ ಮನೆಗಳಲ್ಲಿ ಮಗನೋ ಸೊಸೆಯೋ ‘ಬಿಸಿನೆಸ್ ಇಂಟೆಲಿಜೆನ್ಸ್’ ಎಂಬ ಉದ್ಯೋಗದಲ್ಲಿದ್ದಾರೆ. ಅದೇನು ಕೆಲಸವೆಂದು ಅಜ್ಜಿ ಕೇಳಿದರೆ ಮೊಮ್ಮಗನಿಗೆ ಉತ್ತರ ಹೇಳುವುದು ಕಷ್ಟವಾಗುತ್ತದೆ. ಸರಳವಾಗಿ ಹೇಳುವುದಾದರೆ, ಲಕ್ಷಗಟ್ಟಲೆ ಸಾಲುಗಳ ಜಮಾಖರ್ಚನ್ನು ಒಂದು ಪುಟದ ವರದಿಯಾಗಿಸಿ, ನಿರ್ಣಯ ಕೈಗೊಳ್ಳುವವರ ಮುಂದಿಡುವ ಕೆಲಸವಿದು. ಈ ಮಾತು ಹೊಸದೇನಲ್ಲ. ಐಬಿಎಂ ಸಂಸ್ಥೆಯ ಹಾನ್ಸ್ ಪೀಟರ್ ಲೂನ್ ಎಂಬ ವಿಜ್ಞಾನಿ 1958ರಲ್ಲಿ ಬರೆದ ಲೇಖನದ ಶಿರೋನಾಮೆಯಲ್ಲಿಯೇ ಅದು ಇದ್ದಿತು. ಈ ವಿದ್ಯೆಗೆ ಎರಡು ಕಾಲುಗಳು. ಯಾವ ಸಂಗತಿಯನ್ನು ಯಾವ ಕೋಷ್ಟಕದಲ್ಲಿ ಬರೆಯಬೇಕು, ಕೋಷ್ಟಕ ಕೋಷ್ಟಕಗಳ ನಡುವೆ ನಂಟು ಹೇಗಿರಬೇಕು ಎಂಬುದು ಒಂದು. ಇದನ್ನು ‘ಡೇಟಾ ಮಾಡೆಲ್’ ಎನ್ನುವರು. ಆ ಕೋಷ್ಟಕಗಳಿಂದ ಉತ್ತರವನ್ನು ಹೊರಡಿಸುವ ಸೂತ್ರ ಇನ್ನೊಂದು. ಮೊದಲನೆಯದು ಕುಂಟಾದರೆ ಎರಡನೆಯದು ಎಷ್ಟು ಜಾಣತನದ್ದಾದರೂ ವ್ಯರ್ಥ.

ಕರ್ನಾಟಕದ ಹೊಲಗಳ ಲೆಕ್ಕ ಯಂತ್ರಕ್ಕೆ ಏರಿದುದು ‘ಭೂಮಿ’ ಯೋಜನೆಯಲ್ಲಿ. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಿಂದ ಕಂಪ್ಯೂಟರಿಗೆ ಇಳಿಸಲಾಯಿತು. ಮುಂಬಯಿ ಕರ್ನಾಟಕದ ಹಿರಿಯರು ಇಂದಿಗೂ ‘ಉತಾರ’ ಎಂದು ಕರೆಯುವ ಕಾಗದವೇ ಈ ಪಹಣಿ. ಹಳೆಯ ಪುಸ್ತಕ ಹೊಸ ಯಂತ್ರಕ್ಕೆ ಏರಿತು ನಿಜ. ಆದರೆ ಪುಸ್ತಕದ ರೂಢಿಗಳೂ ಅದರ ಬೆನ್ನ ಹಿಂದೆಯೇ ಏರಿದುವು.

ಆ ರೂಢಿಗಳಲ್ಲಿ ಮುಖ್ಯವಾದದ್ದು ಎಕರೆ ಗುಂಟೆಯ ಬರವಣಿಗೆ. ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 16 ಆಣೆ. ಒಂದು ಎಕರೆ ಇಪ್ಪತ್ತು ಗುಂಟೆಯನ್ನು ನಡುವೆ ಚುಕ್ಕೆಯಿಟ್ಟು 1.20 ಎಂದು ಬರೆಯುವುದು ವಾಡಿಕೆ. ಹಳ್ಳಿಯಲ್ಲಿ ಇದನ್ನು ತಪ್ಪಾಗಿ ಓದುವವರಿಲ್ಲ. ಯಂತ್ರಕ್ಕೆ ಮಾತ್ರ ಆ ಚುಕ್ಕೆ ದಶಾಂಶದ ಚುಕ್ಕೆ! ಒಬ್ಬ ರೈತನಿಗೆ ಮೂರು ತುಂಡು ಹೊಲವಿದೆ ಎಂದಿಟ್ಟುಕೊಳ್ಳಬಹುದು: ಒಂದು 1 ಎಕರೆ 20 ಗುಂಟೆ, ಇನ್ನೊಂದು 2 ಎಕರೆ 30 ಗುಂಟೆ, ಮತ್ತೊಂದು ಬರಿಯ 35 ಗುಂಟೆ. ಯಂತ್ರವು 1.20, 2.30, 0.35 ಇವುಗಳನ್ನು ಕೂಡಿ 3.85 ಎನ್ನುತ್ತದೆ. ವರದಿ ಓದುವ ಅಧಿಕಾರಿ ಅದನ್ನು ನಾಲ್ಕು ಎಕರೆಗೆ ತುಸು ಕಡಿಮೆಯೆಂದು ತಿಳಿಯುತ್ತಾನೆ. ನಿಜವಾದ ಲೆಕ್ಕವೇನು? ಮೂರು ಎಕರೆ, ಎಂಬತ್ತೈದು ಗುಂಟೆ. ಎಂದರೆ 5 ಎಕರೆ 5 ಗುಂಟೆ. ಯಾರೂ ಒತ್ತುವರಿ ಮಾಡದೆ, ಹೊಳೆ ಕೊಚ್ಚಿಕೊಂಡು ಹೋಗದೆ, ಕಾಗದದ ಮೇಲೆಯೇ ಒಂದು ಎಕರೆಗೂ ಮಿಕ್ಕ ನೆಲ ಮಾಯವಾಯಿತು. ಸಾಲದೆಂಬಂತೆ, 1.20ರ ಕೊನೆಯ ಸೊನ್ನೆಯನ್ನು ನಿರರ್ಥಕವೆಂದು ಬಗೆದು ಯಂತ್ರ 1.2 ಎಂದು ತೋರಿಸಿಬಿಡುತ್ತದೆ. ಆಮೇಲೆ ಬಂದ ಗುಮಾಸ್ತ ಅದನ್ನು ಎರಡು ಗುಂಟೆಯೆಂದು ಓದಿದರೆ ಅವನನ್ನು ದೂರುವುದು ಹೇಗೆ?

ಇದಕ್ಕೆ ಪರಿಹಾರ ಕಠಿಣವಾದದ್ದಲ್ಲ. ಕೋಷ್ಟಕದಲ್ಲಿ ವಿಸ್ತೀರ್ಣವನ್ನು ಅತ್ಯಂತ ಸಣ್ಣ ಮಾನದಲ್ಲಿ, ಪೂರ್ಣಸಂಖ್ಯೆಯಾಗಿ ಇರಿಸತಕ್ಕದ್ದು. ಗುಂಟೆಯಾದರೆ ಗುಂಟೆ, ಆಣೆಯವರೆಗೆ ಲೆಕ್ಕ ಬೇಕಾದರೆ ಆಣೆ. ಮೇಲಿನ ಮೂರು ತುಂಡುಗಳು 60, 110, 35 ಗುಂಟೆಗಳಾಗುತ್ತವೆ, ಮೊತ್ತ 205. ಕೂಡಿ ಕಳೆಯುವುದೆಲ್ಲ ಮುಗಿದ ಮೇಲೆ, ವರದಿಯ ಪುಟದಲ್ಲಿ ತೋರಿಸುವಾಗ ಮಾತ್ರ 40ರಿಂದ ಭಾಗಿಸಿ ಭಾಗಲಬ್ಧವನ್ನು ಎಕರೆಯಾಗಿಯೂ ಶೇಷವನ್ನು ಗುಂಟೆಯಾಗಿಯೂ ಬರೆದರೆ ತೀರಿತು. ರೂಪಾಯಿ, ಆಣೆ, ಪೈಗಳ ಕಾಲದಲ್ಲಿ ಕಿರಾಣಿ ಅಂಗಡಿಯ ಶೆಟ್ಟರು ಲೆಕ್ಕವನ್ನು ಬಾಯಲ್ಲೇ ಪೈಗಿಳಿಸಿ ಕೂಡುತ್ತಿದ್ದರಲ್ಲ, ಅದೇ ಯುಕ್ತಿ.

ಇಷ್ಟು ಸೂತ್ರದ ಮಾತಾಯಿತು. ಕೋಷ್ಟಕಗಳ ನಂಟಿನಲ್ಲಿ ಆಗುವ ಪ್ರಮಾದ ಇದಕ್ಕಿಂತ ಸೂಕ್ಷ್ಮವಾದದ್ದು, ಮತ್ತು ಅದರಲ್ಲಿ ನೆಲ ಕಡಿಮೆಯಾಗುವುದಿಲ್ಲ, ಬೆಳೆಯುತ್ತದೆ. ಅಣ್ಣತಮ್ಮಂದಿರು ಮೂವರ ಹೆಸರಿನಲ್ಲಿ ಜಂಟಿಯಾಗಿರುವ 4 ಎಕರೆಯ ಒಂದು ಸರ್ವೆ ನಂಬರು ಇದೆಯೆನ್ನಿ. ಆ ಹೊಲದಲ್ಲಿ ಒಂದೇ ಹಂಗಾಮಿನಲ್ಲಿ ಎರಡು ಬೆಳೆಗಳಿವೆ. ಹೊಲಗಳ ಕೋಷ್ಟಕಕ್ಕೆ ಖಾತೆದಾರರ ಕೋಷ್ಟಕವನ್ನು ಜೋಡಿಸಿದೊಡನೆ ಒಂದು ಸಾಲು ಮೂರಾಗುತ್ತದೆ, ಪ್ರತಿಯೊಂದರಲ್ಲೂ 4 ಎಕರೆ. ಬೆಳೆಗಳ ಕೋಷ್ಟಕವನ್ನೂ ಜೋಡಿಸಿದರೆ ಆರು ಸಾಲು. ಮೊತ್ತ ಹಾಕಿದರೆ 24 ಎಕರೆ! ಸಾಂಬ್ರಾಣಿಯಲ್ಲಿ ನಾಲ್ಕು ಎಕರೆ ಇಪ್ಪತ್ತನಾಲ್ಕಾಗುವುದಾದರೆ ಯಾರಿಗೆ ಬೇಡ? ಆದರೆ ಈ ವರದಿಯನ್ನು ನಂಬಿ ಬೀಜ, ಗೊಬ್ಬರಗಳ ಬೇಡಿಕೆಯನ್ನು ಅಂದಾಜು ಮಾಡಿದರೆ ಗೋದಾಮಿನಲ್ಲಿ ಮೂಟೆಗಳು ಕೊಳೆಯುವುವು.

ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಸಂಬಂಧಾತ್ಮಕ ಕೋಷ್ಟಕಗಳ ಸಿದ್ಧಾಂತವನ್ನು ಮಂಡಿಸಿದಂದಿನಿಂದ ಬಲ್ಲವರು ಹೇಳುತ್ತ ಬಂದಿರುವುದು ಒಂದೇ ಪ್ರಶ್ನೆಯನ್ನು ಮೊದಲು ಕೇಳಬೇಕೆಂದು: ಈ ಕೋಷ್ಟಕದ ಒಂದು ಸಾಲು ಎಂದರೆ ಏನು? ಒಂದು ಹೊಲವೋ, ಒಬ್ಬ ಖಾತೆದಾರನೋ, ಒಂದು ಹೊಲದ ಒಂದು ಹಂಗಾಮಿನ ಒಂದು ಬೆಳೆಯೋ? ರಾಲ್ಫ್ ಕಿಂಬಾಲ್ ಎಂಬವರು 1996ರ ತಮ್ಮ ಗ್ರಂಥದಲ್ಲಿ ಇದನ್ನೇ ವಿಸ್ತರಿಸಿ, ನಕ್ಷತ್ರದ ಆಕಾರದ ಒಂದು ಏರ್ಪಾಡನ್ನು ಪ್ರಸಿದ್ಧಿಗೆ ತಂದರು. ನಡುವೆ ಘಟನೆಗಳ ಕೋಷ್ಟಕ: ಇಂಥ ಹೊಲ, ಇಂಥ ಹಂಗಾಮು, ಇಂಥ ಬೆಳೆ, ಇಷ್ಟು ಗುಂಟೆ. ಸುತ್ತಲೂ ವಿವರಗಳ ಕೋಷ್ಟಕಗಳು: ಊರು, ಬೆಳೆ, ಕಾಲ. ಖಾತೆದಾರರ ಹೆಸರುಗಳು ಬೇರೆಯಾಗಿ, ಪಾಲಿನ ಪ್ರಮಾಣದೊಡನೆ ನಿಲ್ಲುತ್ತವೆ. ಅವು ವಿಸ್ತೀರ್ಣದ ಮೊತ್ತಕ್ಕೆ ಕೈ ಹಾಕುವುದಿಲ್ಲ.

ಈ ಲೆಕ್ಕಗಳಿಗೆ ಹಣದ ಸಂಬಂಧವುಂಟೆಂದು ಮೇಲೆ ಹೇಳಿದೆಯಷ್ಟೆ. ಅದು ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಬೆಳೆ ವಿಮೆಯಲ್ಲಿ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯು ಕರ್ನಾಟಕದಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯನ್ನೂ, ಉಳಿದವಕ್ಕೆ ಹೋಬಳಿಯನ್ನೂ ಘಟಕವಾಗಿ ಹಿಡಿಯುತ್ತದೆ. ಒಬ್ಬೊಬ್ಬ ರೈತನ ಹೊಲವನ್ನು ಪ್ರತ್ಯೇಕವಾಗಿ ತೂಗುವುದಿಲ್ಲ. ಆರಿಸಿದ ಕೆಲವು ಹೊಲಗಳಲ್ಲಿ ಬೆಳೆ ಕಟಾವು ಪ್ರಯೋಗ ನಡೆಸಿ, ಬಂದ ಸರಾಸರಿಯನ್ನು ಇಡೀ ಘಟಕಕ್ಕೆ ಅನ್ವಯಿಸುವರು. 2018ರ ಪರಿಷ್ಕೃತ ಮಾರ್ಗಸೂಚಿಯಂತೆ, ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದು ವರ್ಷಗಳ ಇಳುವರಿಯ ಸರಾಸರಿಯನ್ನು ನಷ್ಟಭರ್ತಿಯ ಮಟ್ಟದಿಂದ (ಶೇಕಡ 70, 80 ಅಥವಾ 90) ಗುಣಿಸಿದರೆ ಪ್ರಾರಂಭಿಕ ಇಳುವರಿ ದೊರೆಯುತ್ತದೆ. ಈ ವರ್ಷದ ಇಳುವರಿ ಅದಕ್ಕಿಂತ ಎಷ್ಟು ಕುಗ್ಗಿದೆಯೋ ಆ ಪ್ರಮಾಣದಲ್ಲಿ ವಿಮಾ ಮೊತ್ತದ ಪಾಲು ರೈತನಿಗೆ ಸಲ್ಲುತ್ತದೆ.

ಉದಾಹರಣೆಗಾಗಿ ಕಲ್ಪಿಸಿಕೊಂಡ ಅಂಕೆಗಳಿವು. ಒಂದು ಘಟಕದಲ್ಲಿ ಭತ್ತದ ಇಳುವರಿ ಏಳು ವರ್ಷಗಳಲ್ಲಿ ಹೆಕ್ಟೇರಿಗೆ 30, 28, 27, 26, 12, 15, 29 ಕ್ವಿಂಟಲ್. ಬರಗಾಲದ 12 ಮತ್ತು 15ನ್ನು ಬಿಟ್ಟರೆ ಉಳಿದ ಐದರ ಸರಾಸರಿ 28. ಶೇಕಡ 80ರಂತೆ ಪ್ರಾರಂಭಿಕ ಇಳುವರಿ 22.4. ಈ ವರ್ಷ ಮಳೆ ಕೈಕೊಟ್ಟು 16.8 ಮಾತ್ರ ಬಂದಿದ್ದರೆ ಕೊರತೆ ಶೇಕಡ 25. ಹೆಕ್ಟೇರಿಗೆ 60,000 ರೂಪಾಯಿ ವಿಮೆಯಾದರೆ 15,000 ರೂಪಾಯಿ ಪರಿಹಾರ. ಈಗ ಮೂರನೆಯ ವರ್ಷದ ಅಂಕೆ ಎಲ್ಲಿಯೋ ಕಳೆದುಹೋಗಿದೆ, ಮತ್ತು ಖಾಲಿ ಮನೆಯನ್ನು ಯಂತ್ರ ಸೊನ್ನೆಯಿಂದ ತುಂಬಿದೆ ಎನ್ನಿ. ಬಿಡಬೇಕಾದ ಎರಡು ವರ್ಷಗಳಲ್ಲಿ ಒಂದರ ಸ್ಥಾನವನ್ನು ಆ ಸೊನ್ನೆಯೇ ಕಬಳಿಸುತ್ತದೆ. ಬರಗಾಲದ 15 ಕ್ವಿಂಟಲ್ ‘ಉತ್ತಮ ಐದರ’ ಸಾಲಿನಲ್ಲಿ ಬಂದು ಕೂರುತ್ತದೆ. ಸರಾಸರಿ 25.6ಕ್ಕೆ ಇಳಿದು, ಪ್ರಾರಂಭಿಕ ಇಳುವರಿ 20.48 ಆಗಿ, ಪರಿಹಾರ ಸುಮಾರು 10,780 ರೂಪಾಯಿಗೆ ಬಂದು ನಿಲ್ಲುತ್ತದೆ. ಹೆಕ್ಟೇರಿಗೆ ನಾಲ್ಕು ಸಾವಿರಕ್ಕೂ ಮೇಲ್ಪಟ್ಟ ನಷ್ಟ! ಸೂತ್ರದಲ್ಲಿ ದೋಷವಿಲ್ಲ, ಯಂತ್ರ ತಪ್ಪು ಕೂಡಲಿಲ್ಲ. ‘ಏನೂ ಬೆಳೆಯಲಿಲ್ಲ’ ಎಂಬುದಕ್ಕೂ ‘ಏನು ಬೆಳೆಯಿತೋ ಬರೆದಿಲ್ಲ’ ಎಂಬುದಕ್ಕೂ ಇರುವ ಅಂತರವನ್ನು ಕೋಷ್ಟಕ ಕಟ್ಟಿದವರು ಮರೆತರು, ಅಷ್ಟೆ. ಖಾಲಿಯನ್ನು ಖಾಲಿಯಾಗಿಯೇ ಉಳಿಸಿ, ಏಳು ವರ್ಷಗಳೂ ಇಲ್ಲದಿದ್ದಲ್ಲಿ ಉತ್ತರ ಕೊಡದೆ ಎಚ್ಚರಿಕೆ ಕೊಡುವಂತೆ ಸೂತ್ರವನ್ನು ಬರೆಯುವುದು ಸರಿಯಾದ ಮಾರ್ಗ.

ಸರಾಸರಿಗಳ ಸರಾಸರಿಯೂ ಇಂಥದೇ ಒಂದು ಹಳ್ಳ. 400 ಹೆಕ್ಟೇರಿನ ಒಂದು ಪಂಚಾಯಿತಿಯಲ್ಲಿ 30 ಕ್ವಿಂಟಲ್, 100 ಹೆಕ್ಟೇರಿನ ಇನ್ನೊಂದರಲ್ಲಿ 20 ಕ್ವಿಂಟಲ್ ಬಂದರೆ ಎರಡರ ಸರಾಸರಿ 25 ಎಂದು ಶಾಲೆಯ ಹುಡುಗನೂ ಹೇಳಿಬಿಡುತ್ತಾನೆ. ಒಟ್ಟು 14,000 ಕ್ವಿಂಟಲನ್ನು 500 ಹೆಕ್ಟೇರಿನಿಂದ ಭಾಗಿಸಿದರೆ ಬರುವುದು 28. ಮೊದಲು ಕೂಡಿಸಬೇಕು, ಆಮೇಲೆ ಭಾಗಿಸಬೇಕು. ಭಾಗಿಸಿದ್ದನ್ನು ಮತ್ತೆ ಕೂಡಿಸಲಾಗದು. ಪವರ್ ಬಿಐ ಮೊದಲಾದ ಉಪಕರಣಗಳಲ್ಲಿ ಇದಕ್ಕೆಂದೇ ‘ಮೆಷರ್’ ಎಂಬ ಸೌಕರ್ಯವಿದೆ: ಓದುಗ ಹೋಬಳಿಯನ್ನು ಆರಿಸಿದರೆ ಹೋಬಳಿಯ ಮೊತ್ತಗಳನ್ನು, ತಾಲ್ಲೂಕನ್ನು ಆರಿಸಿದರೆ ತಾಲ್ಲೂಕಿನ ಮೊತ್ತಗಳನ್ನು ಆಗಲೇ ಕೂಡಿಸಿ ಆಗಲೇ ಭಾಗಿಸುತ್ತದೆ. ಆತುರದವರು ಮಾತ್ರ ಪ್ರತಿ ಸಾಲಿನಲ್ಲೂ ಮೊದಲೇ ಭಾಗಿಸಿ ಒಂದು ಕಾಲಂ ತುಂಬಿಟ್ಟು, ಮೇಲೆ ಸರಾಸರಿಯ ಗುಂಡಿ ಒತ್ತುವರು. ಹಳಿಯಾಳದ ಕಬ್ಬಿನ ಇಳುವರಿಯನ್ನು ಹೀಗೆ ದಿನದಿನದ ಶೇಕಡವಾರು ಅಂಕೆಗಳ ಸರಾಸರಿಯಿಂದ ತಿಳಿಯಹೊರಟರೆ, ಕಾರ್ಖಾನೆ ಅರ್ಧ ದಿನ ನಡೆದ ದಿನಕ್ಕೂ ಇಪ್ಪತ್ತನಾಲ್ಕು ಗಂಟೆ ನಡೆದ ದಿನಕ್ಕೂ ಒಂದೇ ಬೆಲೆ ಬಂದೀತು.

ಇನ್ನು ಊರುಗಳ ಕೋಷ್ಟಕ. ಹೆಸರನ್ನು ನೆಚ್ಚಿ ಕೋಷ್ಟಕಗಳನ್ನು ಜೋಡಿಸುವುದು ಅಪಾಯಕರ. ಒಂದೇ ಊರು ಜೋಯಿಡಾ, ಜೊಯ್ಡಾ ಎಂದು ಎರಡು ಬಗೆಯಾಗಿ ಬರೆಯಲ್ಪಡುತ್ತದೆ. ಕಾಳಿ ನದಿಯ ಅಣೆಕಟ್ಟಿನ ನೀರಿನಲ್ಲಿ ಸೂಪಾ ಪಟ್ಟಣ ಮುಳುಗಿ ತಾಲ್ಲೂಕಿನ ಕಚೇರಿ ಜೋಯಿಡಾಕ್ಕೆ ಹೋದ ಮೇಲೂ ಹಳೆಯ ದಾಖಲೆಗಳಲ್ಲಿ ಆ ತಾಲ್ಲೂಕು ಸೂಪಾ ಆಗಿಯೇ ಉಳಿದಿದೆ. 2014ರ ನವೆಂಬರ್ 1ರಂದು ಬೆಳಗಾವಿ, ಹುಬ್ಬಳ್ಳಿ ಮೊದಲಾದ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದಾಗ, ಅಕ್ಷರವನ್ನು ನಂಬಿದ ವರದಿಗಳಿಗೆ ಒಂದೊಂದು ಊರು ಎರಡೆರಡಾಗಿ ಕಾಣುವಂತಾಯಿತು. ಜನಗಣತಿಯವರು ಪ್ರತಿ ಗ್ರಾಮಕ್ಕೂ ಸಂಕೇತ ಸಂಖ್ಯೆ ಕೊಟ್ಟಿರುವುದು ಇಂಥ ಫಜೀತಿ ತಪ್ಪಲೆಂದೇ.

ಸಂಖ್ಯೆಯೊಂದೇ ಸಾಲದು, ಕಾಲವೂ ಬೇಕು. 2011ರ ಜನಗಣತಿಯಲ್ಲಿ ದಾಂಡೇಲಿ ಪಟ್ಟಣ ಹಳಿಯಾಳ ತಾಲ್ಲೂಕಿನೊಳಗೇ ಇತ್ತು. 2017ರ ಮುಂಗಡಪತ್ರದಲ್ಲಿ ಘೋಷಿಸಿದ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ದಾಂಡೇಲಿಯ ಹೆಸರೂ ಸೇರಿ, ಅದು ಪ್ರತ್ಯೇಕವಾಯಿತು. ಹಳೆಯ ಹಳಿಯಾಳವನ್ನು ಹೊಸ ಹಳಿಯಾಳದೊಡನೆ ಹೋಲಿಸುವ ವರದಿಯಲ್ಲಿ ಜನಸಂಖ್ಯೆ ದಿಢೀರನೆ ಕುಸಿಯುತ್ತದೆ, ಪಟ್ಟಣವಾಸಿಗಳ ಪ್ರಮಾಣ ಇಳಿಯುತ್ತದೆ. ಯಾರೂ ಗುಳೆ ಹೋಗಿಲ್ಲ, ಗಡಿಗೆರೆ ಸರಿದಿದೆ. ಊರುಗಳ ಕೋಷ್ಟಕದಲ್ಲಿ ‘ಈ ದಿನದಿಂದ’, ‘ಈ ದಿನದವರೆಗೆ’ ಎಂಬ ಎರಡು ಕಾಲಂಗಳನ್ನು ಇರಿಸಿ, ಒಂದೊಂದು ಗ್ರಾಮವೂ ಯಾವಾಗ ಯಾವ ತಾಲ್ಲೂಕಿನಲ್ಲಿತ್ತೆಂದು ಬರೆದಿಟ್ಟರೆ, ಇಂದಿನ ಗಡಿಯಂತೆಯೂ ಅಂದಿನ ಗಡಿಯಂತೆಯೂ ಲೆಕ್ಕ ತೆಗೆಯಬಹುದು.

ಗಡಿ ಸರಿಯದೆ, ಮಾತಿನ ಅರ್ಥವೇ ಸರಿಯುವುದೂ ಉಂಟು. ಹಳಿಯಾಳ, ಯಲ್ಲಾಪುರ, ಮುಂಡಗೋಡುಗಳ ಕಾಡಂಚಿನಲ್ಲಿ ತಲೆಮಾರುಗಳಿಂದ ನೆಲೆಸಿರುವ ಸಿದ್ದಿ ಜನಾಂಗವನ್ನು ಉತ್ತರ ಕನ್ನಡ ಜಿಲ್ಲೆಯ ಮಟ್ಟಿಗೆ ಪರಿಶಿಷ್ಟ ಪಂಗಡವೆಂದು ಮಾನ್ಯ ಮಾಡಿದ್ದು 2003ರಲ್ಲಿ. ಆದುದರಿಂದ 2001ರ ಜನಗಣತಿಯ ‘ಪರಿಶಿಷ್ಟ ಪಂಗಡ’ ಕಾಲಮಿನಲ್ಲಿ ಅವರಿಲ್ಲ, 2011ರದರಲ್ಲಿ ಇದ್ದಾರೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಏರಿಕೆಯ ಗೆರೆ ಎಳೆಯುವವನು, ಹತ್ತು ವರ್ಷಗಳಲ್ಲಿ ಈ ಪಂಗಡದ ಜನ ಏಕಾಏಕಿ ಹೆಚ್ಚಿದರೆಂದು ಬರೆಯುವನು. ಶಾಲೆ, ವಸತಿಗೃಹ, ವಿದ್ಯಾರ್ಥಿವೇತನಗಳ ಹಂಚಿಕೆ ಇಂಥ ಗೆರೆಗಳನ್ನು ನೋಡಿಕೊಂಡು ನಡೆಯುವಾಗ ಇದು ಬರಿಯ ಅಂಕೆಯ ತಪ್ಪಲ್ಲ. ಇರುಳು ಬೆಳಗಾಗುವುದರಲ್ಲಿ ಯಾರೂ ಹುಟ್ಟಲಿಲ್ಲ. ಸರ್ಕಾರದ ಪುಸ್ತಕ ಅವರನ್ನು ಕಾಣಲು ಕಲಿಯಿತು.

ಆದುದರಿಂದ ಪ್ರತಿ ಕಾಲಮಿನ ಅರ್ಥವನ್ನೂ, ಅದು ಎಂದಿನಿಂದ ಜಾರಿಯಲ್ಲಿದೆ ಎಂಬುದನ್ನೂ ವರದಿಯ ಜೊತೆಗೇ ಒಂದು ಹಾಳೆಯಲ್ಲಿ ಬರೆದಿಡಬೇಕಾಗುತ್ತದೆ. ‘ವಿಸ್ತೀರ್ಣ’ ಎಂದರೆ ಖರಾಬನ್ನು ಕಳೆದ ಮೇಲಿನದೋ, ಸೇರಿಸಿದ್ದೋ? ಪಹಣಿಯಲ್ಲಿ ಎರಡೂ ಇವೆ. ವರದಿಯಲ್ಲಿ ಯಾವುದು ಬಂದಿದೆಯೆಂದು ಬರೆದವರಿಗಲ್ಲದೆ ಇನ್ನೊಬ್ಬರಿಗೆ ತಿಳಿಯದು, ಆರು ತಿಂಗಳ ಮೇಲೆ ಬರೆದವರಿಗೂ ತಿಳಿಯದು. ಸೂತ್ರದಲ್ಲಿಯೂ ನಡುವಿನ ಮೆಟ್ಟಿಲುಗಳಿಗೆ ಹೆಸರು ಕೊಡಬೇಕು. ‘ಒಟ್ಟು ಗುಂಟೆ’, ‘ಖರಾಬು ಗುಂಟೆ’, ‘ಸಾಗುವಳಿ ಗುಂಟೆ’ ಎಂದು ಮೂರು ಸಾಲಾಗಿ ಬರೆದದ್ದನ್ನು ಹೊಸಬನೂ ಓದಿಯಾನು. ಒಂದರೊಳಗೊಂದು ಏಳು ಆವರಣ ಚಿಹ್ನೆಗಳನ್ನು ಹೆಣೆದ ಸೂತ್ರವನ್ನು ಹೆಣೆದವನೇ ಬಿಡಿಸಬೇಕು. ಕಡೆಗೆ, ವರದಿಯನ್ನು ಮೇಲಧಿಕಾರಿಗೆ ಕಳುಹಿಸುವ ಮುನ್ನ ಯಾವುದಾದರೊಂದು ಊರಿನ ನಾಲ್ಕು ಸರ್ವೆ ನಂಬರುಗಳನ್ನು ಆರಿಸಿ, ಪಹಣಿಯನ್ನು ಮುಂದಿಟ್ಟುಕೊಂಡು ಕಾಗದ ಪೆನ್ಸಿಲಿನಿಂದ ಕೂಡಿ ನೋಡುವುದು ಹತ್ತು ನಿಮಿಷದ ಕೆಲಸ. ಯಂತ್ರದ ಮೊತ್ತವೂ ಕೈಲೆಕ್ಕದ ಮೊತ್ತವೂ ಒಂದು ಗುಂಟೆಯಷ್ಟು ಬೇರೆಯಾದರೂ ಆ ವರದಿ ಮೇಜಿನಿಂದ ಏಳಬಾರದು.