ಬೀಗವೋ, ಟೋಕನ್ನೋ?

ಅಬಿಡ್ಸಿನಲ್ಲಿ ಭಾನುವಾರ ರಸ್ತೆಬದಿಯಲ್ಲಿ ಹರಡುವ ಹಳೆಯ ಪುಸ್ತಕಗಳನ್ನು ತಡಕಿ, ನಾವೂ ನಮ್ಮ ಸೋದರಳಿಯನೂ ತಿಂಡಿಗೆ ಕುಳಿತೆವು. ಹುಡುಗನ ಮುಖ ಬಾಡಿತ್ತು. ಅವನು ಬರೆದ ಪ್ರೋಗ್ರಾಮು ಒಂದೇ ಸೀಟನ್ನು ಇಬ್ಬರಿಗೆ ಮಾರಿತ್ತಂತೆ; ಕೆಲಸಕ್ಕೇ ಸಂಚಕಾರ.

“ಬೀಗ ಹಾಕಿರಲಿಲ್ಲವೇನಪ್ಪಾ?” ಎಂದೆವು. ನಾವೂ ಕಂಪ್ಯೂಟರಿನ ಮುಂದೆ ಕೂದಲು ನರೆಸಿಕೊಂಡವರೇ.

“ಸೆಮಾಫೋರ್ ಇಟ್ಟಿದ್ದೆ ಮಾವ. ಎಣಿಕೆ ಒಂದು.”

ಅಲ್ಲೇ ಇತ್ತು ಎಡವಟ್ಟು. 1960ರ ದಶಕದಲ್ಲಿ ಡಚ್ ವಿದ್ವಾಂಸ ಡೈಕ್‌ಸ್ಟ್ರಾ ಕೊಟ್ಟ ಸೆಮಾಫೋರ್, ಟೋಕನ್ನಿನ ಡಬ್ಬಿಯಿದ್ದಂತೆ. ನಾಲ್ಕು ಕುರ್ಚಿಗೆ ನಾಲ್ಕು ಟೋಕನ್ನು. ಡಬ್ಬಿಗೆ ಯಾರು ಬೇಕಾದರೂ ಹಾಕಬಹುದು. ಒಟ್ಟಿಗೆ ಓಡುವ ಥ್ರೆಡ್ಡುಗಳಲ್ಲಿ ಒಂದು, ತಾನು ಪಡೆಯದ ಟೋಕನ್ನನ್ನು ಹಾಕಿಬಿಟ್ಟಿತ್ತು. ಒಂದು ಎರಡಾಯಿತು, ಇಬ್ಬರೂ ಒಳಹೊಕ್ಕರು. ಮ್ಯೂಟೆಕ್ಸ್ ಎಂಬ ಬೀಗವನ್ನಾದರೋ ಹಾಕಿದವನೇ ತೆಗೆಯಬೇಕು. ಒಂದೇ ವಸ್ತುವಿಗೆ ಅದೇ ತಕ್ಕದ್ದು.

ದೋಸೆಗೆ ಕಾಯುವುದು ಬೇರೆ ಬಗೆ. ಗಳಿಗೆಗೊಮ್ಮೆ ಎದ್ದು ವಿಚಾರಿಸದೆ, ಕೂಗುವ ತನಕ ಕೂತಿರಬೇಕು. ಅದಕ್ಕೆ ಕಂಡಿಷನ್ ವೇರಿಯಬಲ್. ಕೂಗಿದ ಮೇಲೂ ತಟ್ಟೆ ಇದೆಯೇ ಎಂದು ನೋಡಿಕೊಳ್ಳಬೇಕು. ಅಂದು ನಮ್ಮ ದೋಸೆಯನ್ನು ಯಾರೋ ಪುಣ್ಯಾತ್ಮರು ಒಯ್ದಿದ್ದರು!

ಸೋಮವಾರ ರಾತ್ರಿ ಫೋನು ಬಂತು. “ಬೀಗ ಹಾಕಿದೆ ಮಾವ. ಆ ಕಳ್ಳ ಸಾಲೂ ಸಿಕ್ಕಿತು.”