ಆಪರೇಷನ್ನೂ ಅವಳಿಗೇ, ವಾಯಿದೆಯೂ ಅವಳಿಗೇ

1988ರ ಫೆಬ್ರುವರಿ. ಇವತ್ತು ಗುರುಗ್ರಾಮ ಎಂದು ಕರೆಸಿಕೊಳ್ಳುವ ಹರಿಯಾಣದ ಗುಡಗಾಂವ್‌ನ ಸರ್ಕಾರಿ ಆಸ್ಪತ್ರೆಯಲ್ಲಿ ಕೂಲಿ ಮಾಡಿ ಬದುಕುವ ಮಹಿಳೆಯೊಬ್ಬರು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಆಗಲೇ ಏಳು ಮಕ್ಕಳು. ಇನ್ನು ಮಕ್ಕಳಾಗುವುದಿಲ್ಲ ಎಂದು ಹೇಳಿ ಮನೆಗೆ ಕಳಿಸಿದ್ದರು. ಕೆಲವು ತಿಂಗಳಲ್ಲಿ ಹೊಟ್ಟೆ ಕಾಣಿಸಿಕೊಂಡಿತು. ತೆಗೆಸಿಹಾಕಿ ಎಂದು ಕೇಳಿಕೊಂಡರೆ ಜೀವಕ್ಕೆ ಅಪಾಯ ಎಂದು ವೈದ್ಯರು ಒಪ್ಪಲಿಲ್ಲ. ಎಂಟನೆಯದಾಗಿ ಹೆಣ್ಣು ಮಗು ಹುಟ್ಟಿತು. ವಿಚಾರಿಸಿದಾಗ ಹೊರಬಿದ್ದ ಸಂಗತಿ ಇಷ್ಟು: ವೈದ್ಯರು ಬಲಗಡೆಯ ನಾಳಕ್ಕೆ ಮಾತ್ರ ಕೈ ಹಾಕಿದ್ದರು, ಎಡಗಡೆಯದನ್ನು ಹಾಗೇ ಬಿಟ್ಟಿದ್ದರು.

ಆಕೆ ಎರಡು ಲಕ್ಷ ರೂಪಾಯಿ ಪರಿಹಾರ ಕೇಳಿ ದಾವೆ ಹೂಡಿದರು. ಕೆಳಗಿನ ಕೋರ್ಟು 54,000 ರೂಪಾಯಿಯನ್ನು ಬಡ್ಡಿ ಸಮೇತ ಕೊಡಿ ಎಂದಿತು. ಅಷ್ಟನ್ನು ಕೊಟ್ಟು ಕೈತೊಳೆದುಕೊಳ್ಳುವ ಬದಲು ಹರಿಯಾಣ ಸರ್ಕಾರ ಒಂದೊಂದೇ ಮೆಟ್ಟಿಲು ಹತ್ತುತ್ತ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2000ದ ಏಪ್ರಿಲ್‌ನಲ್ಲಿ ಅಲ್ಲಿಯೂ ಸೋತಿತು. ವೈದ್ಯರ ನಿರ್ಲಕ್ಷ್ಯದಿಂದ ಹುಟ್ಟಿದ ಮಗುವನ್ನು ಸಾಕುವ ಖರ್ಚಿನ ಹೊಣೆ ಸರ್ಕಾರದ್ದು ಎಂದು ನ್ಯಾಯಾಲಯ ಹೇಳಿತು. ಅಷ್ಟರಲ್ಲಿ ಆಪರೇಷನ್ ನಡೆದು ಹನ್ನೆರಡು ವರ್ಷ ಕಳೆದಿತ್ತು.

ಈ ತೀರ್ಪನ್ನು ವೈದ್ಯಕೀಯ ನಿರ್ಲಕ್ಷ್ಯದ ಪಾಠವಾಗಿ ಕಾನೂನು ಕಾಲೇಜುಗಳಲ್ಲಿ ಓದಿಸುತ್ತಾರೆ. ಓದಿಸಲಿ. ಆದರೆ ಅದರೊಳಗೆ ಇನ್ನೊಂದು ಪ್ರಶ್ನೆ ಅಡಗಿ ಕೂತಿದೆ. ಏಳು ಮಕ್ಕಳಾದ ಮೇಲೂ ಆಸ್ಪತ್ರೆಯ ಮೇಜಿನ ಮೇಲೆ ಮಲಗಿದ್ದು ಹೆಂಡತಿ. ಗಂಡನಿಗೆ ಮಾಡುವ ಆಪರೇಷನ್ ಇದಕ್ಕಿಂತ ಚಿಕ್ಕದು, ಹೊಟ್ಟೆ ಕೊಯ್ಯುವ ಪ್ರಶ್ನೆಯೇ ಇಲ್ಲ. ಅದು ಆ ಮನೆಯಲ್ಲಿ ಯಾರಿಗಾದರೂ ಹೊಳೆದಿತ್ತೇ?

ಹೊಳೆಯುವುದಿಲ್ಲ ಎನ್ನಲು ಸರ್ಕಾರದ್ದೇ ಲೆಕ್ಕವಿದೆ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ದಂಪತಿಗಳಲ್ಲಿ ಶೇ 37.9ರಷ್ಟು ಜನ ನೆಚ್ಚಿಕೊಂಡಿರುವುದು ಹೆಂಗಸರ ಆಪರೇಷನ್ನನ್ನು. ಗಂಡಸರ ಆಪರೇಷನ್ ಶೇ 0.3. ಕರ್ನಾಟಕದ ಅಂಕಿ ಇನ್ನೂ ಮುಖಕ್ಕೆ ಹೊಡೆಯುವಂಥದ್ದು. ಹೆಂಗಸರದ್ದು ಶೇ 57.4, ಗಂಡಸರದ್ದು ಶೇ 0.0. ಸೊನ್ನೆಯ ಪಕ್ಕದಲ್ಲೊಂದು ಚುಕ್ಕಿ, ಅದರ ಪಕ್ಕದಲ್ಲಿ ಇನ್ನೊಂದು ಸೊನ್ನೆ. ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು ಎಂಬ ಮಟ್ಟಕ್ಕೆ ನಮ್ಮ ರಾಜ್ಯ ಬಂದಿರುವುದು ಹೆಮ್ಮೆಯ ವಿಷಯವೇ. ಆ ಹೆಮ್ಮೆಯ ಬಹುಪಾಲು ಹೊಲಿಗೆ ಹೆಂಗಸರ ಹೊಟ್ಟೆಯ ಮೇಲಿದೆ ಅಷ್ಟೆ.

ಅದೇ ಸಮೀಕ್ಷೆ ಗಂಡಸರನ್ನು ಇನ್ನೊಂದು ಮಾತು ಕೇಳಿತ್ತು. ಗರ್ಭನಿರೋಧ ಹೆಂಗಸರ ಕೆಲಸ, ಗಂಡಸು ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ ಎನ್ನುತ್ತೀರಾ? ಶೇ 35ರಷ್ಟು ಜನ ಹೌದು ಎಂದರು. ಬಾಯಿಬಿಟ್ಟು ಹೇಳದೆ ಹಾಗೆಯೇ ನಡೆದುಕೊಳ್ಳುವವರ ಲೆಕ್ಕ ಇದರಲ್ಲಿ ಸೇರಿಲ್ಲ.

ಇದು ಮೊದಲಿನಿಂದಲೂ ಹೀಗೇ ಇತ್ತು ಎಂದುಕೊಂಡರೆ ತಪ್ಪು. 1971ರ ಜುಲೈನಲ್ಲಿ ಕೇರಳದ ಎರ್ನಾಕುಳಂನಲ್ಲಿ ಜಿಲ್ಲಾಧಿಕಾರಿ ಎಸ್. ಕೃಷ್ಣಕುಮಾರ್ ಜಾತ್ರೆಯ ಹಾಗೆ ಶಿಬಿರ ನಡೆಸಿ ಒಂದೇ ತಿಂಗಳಲ್ಲಿ 63 ಸಾವಿರ ಆಪರೇಷನ್ ಮಾಡಿಸಿದರು. ಬಂದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಗಂಡಸರು. ಆಮೇಲೆ ತುರ್ತು ಪರಿಸ್ಥಿತಿ ಬಂತು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ ನಡೆದ ಆಪರೇಷನ್‌ಗಳು 82 ಲಕ್ಷಕ್ಕೂ ಹೆಚ್ಚು, ಅದರಲ್ಲಿ ಸುಮಾರು 62 ಲಕ್ಷ ಗಂಡಸರಿಗೆ ಆದದ್ದು. ಮೇಷ್ಟ್ರುಗಳಿಗೂ ತಲೆ ಲೆಕ್ಕದ ಗುರಿ ಕೊಟ್ಟು, ಸಿಕ್ಕವರನ್ನು ಹಿಡಿದು ತಂದು ಮಾಡಿದ ದೌರ್ಜನ್ಯ ಅದು. 1977ರ ಚುನಾವಣೆಯಲ್ಲಿ ಉತ್ತರ ಭಾರತದ ಮತದಾರ ಅದಕ್ಕೆ ಉತ್ತರ ಕೊಟ್ಟ. ರಾಜಕಾರಣಿಗಳು ಅದರಿಂದ ಕಲಿತದ್ದು ಮಾತ್ರ ವಿಚಿತ್ರ. ಬಲವಂತ ತಪ್ಪು ಎಂಬ ಪಾಠ ಕಲಿಯಬೇಕಿತ್ತು. ಗಂಡಸಿನ ತಂಟೆಗೆ ಹೋಗಬಾರದು ಎಂಬ ಪಾಠ ಕಲಿತರು. ಇಲಾಖೆಯ ಹೆಸರು ಕುಟುಂಬ ಯೋಜನೆ ಹೋಗಿ ಕುಟುಂಬ ಕಲ್ಯಾಣವಾಯಿತು. ಗುರಿ ಮುಟ್ಟಿಸುವ ಭಾರವೆಲ್ಲ ವೋಟು ತಿರುಗಿಸಿ ಹಾಕುವಷ್ಟು ದನಿಯಿಲ್ಲದ ಹೆಂಗಸರ ಮೇಲೆ ಬಿತ್ತು.

ಅದರ ತುದಿ ಕಂಡದ್ದು 2014ರ ನವೆಂಬರ್‌ನಲ್ಲಿ. ಛತ್ತೀಸಗಢದ ಬಿಲಾಸ್‌ಪುರದ ಹತ್ತಿರ, ಬಳಕೆಯಲ್ಲಿಲ್ಲದ ಆಸ್ಪತ್ರೆ ಕಟ್ಟಡವೊಂದರಲ್ಲಿ ಒಬ್ಬ ಸರ್ಜನ್ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದ. ಆ ವಾರ ಅಲ್ಲಿನ ಶಿಬಿರಗಳಿಂದ ಮನೆಗೆ ಹೋದವರಲ್ಲಿ 13 ಮಂದಿ ಸತ್ತರು. 2016ರಲ್ಲಿ ಸುಪ್ರೀಂ ಕೋರ್ಟು ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಎಂದಿತು.

ಕನ್ನಡ ನಾಡಿಗೆ ಈ ವಿಷಯದಲ್ಲಿ ಹಳೆಯ ಹಿರಿಮೆಯೊಂದಿದೆ. 1930ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಿತು. ಸರ್ಕಾರವೇ ಮುಂದೆ ನಿಂತು ಇಂಥ ಕೆಲಸ ಮಾಡಿದ್ದು ಜಗತ್ತಿನಲ್ಲೇ ಮೊದಲು ಎಂದು ಚರಿತ್ರೆಕಾರರು ಬರೆಯುತ್ತಾರೆ. ಸ್ವಾತಂತ್ರ್ಯ ಬಂದ ಮೇಲೆ, 1952ರ ಹೊತ್ತಿಗೆ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ನಮ್ಮ ರಾಮನಗರದಲ್ಲೇ ಒಂದು ಪ್ರಯೋಗ ನಡೆಯಿತು. ಆಗಿನ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧಿವಾದಿ. ಉಪಕರಣ, ಔಷಧಿ ಯಾವುದೂ ಬೇಡ, ಸಂಯಮವೇ ಸಾಕು ಎನ್ನುವವರು. ಹಾಗಾಗಿ ತಿಂಗಳಲ್ಲಿ ಯಾವ ದಿನ ಸುರಕ್ಷಿತ, ಯಾವ ದಿನ ಅಲ್ಲ ಎಂದು ತಿಳಿಯಲು ಹೆಂಗಸರಿಗೆ ಬಣ್ಣದ ಮಣಿಗಳ ಸರ ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು, ಬಣ್ಣ ನೋಡಬೇಕು. ಪ್ರಯೋಗ ಫಲ ಕೊಡಲಿಲ್ಲ. ಕೊಡುವುದಾದರೂ ಹೇಗೆ? ಮಣಿ ಎಣಿಸುವ ಕೆಲಸ ಹೆಂಡತಿಯದು. ಇವತ್ತು ಬೇಡ ಎಂದರೆ ಕೇಳಿಸಿಕೊಳ್ಳಬೇಕಾದವನು ಗಂಡ.

ಇಲ್ಲಿಗೆ ಆಸ್ಪತ್ರೆಯ ಕಥೆ ಬಿಟ್ಟು ಕೋರ್ಟಿನ ಕಥೆಗೆ ಬರಬೇಕು. ನಮ್ಮಲ್ಲಿ ಒಂದು ಆರೋಗ್ಯ ಇಲಾಖೆಯ ತಲೆನೋವು, ಇನ್ನೊಂದು ನ್ಯಾಯಾಂಗದ್ದು ಎಂದು ಬೇರೆ ಬೇರೆ ಕಡತಗಳಲ್ಲಿ ಇಟ್ಟಿದ್ದೇವೆ. ಹೆಂಗಸಿನ ಬದುಕಿನಲ್ಲಿ ಅವೆರಡೂ ಒಂದೇ. ಮಗು ಬೇಡವಾದಾಗ ತಡೆಯುವ ಹೊಣೆ ಅವಳದ್ದು. ಹುಟ್ಟಿದ ಮೇಲೆ, ಗಂಡ ಬಿಟ್ಟು ಹೋದರೆ, ಸಾಕುವ ಹೊಣೆಯೂ ಅವಳದ್ದು.

ಕಾಗದದ ಮೇಲೆ ಹಾಗಿಲ್ಲ. ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ, 2024ರ ಜುಲೈನಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ, ಸ್ಪಷ್ಟವಾಗಿದೆ. ಮಗು ಮದುವೆಯ ಒಳಗೆ ಹುಟ್ಟಿತೋ ಹೊರಗೆ ಹುಟ್ಟಿತೋ ಎಂದು ಅದು ಕೇಳುವುದಿಲ್ಲ. ಧರ್ಮ ಯಾವುದೆಂದೂ ಕೇಳುವುದಿಲ್ಲ. ಶಕ್ತಿಯಿದ್ದೂ ಸಾಕದ ತಂದೆ ತಿಂಗಳು ತಿಂಗಳು ಜೀವನಾಂಶ ಕೊಡಬೇಕು. ಕೆಲಸ ಇಲ್ಲ ಎಂಬ ನೆಪವೂ ನಡೆಯದು. ಮೈಯಲ್ಲಿ ಕಸುವಿದ್ದರೆ ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಈ ಹೊಣೆಯನ್ನು ತಂದೆ ತಾಯಿ ಇಬ್ಬರ ಮೇಲೂ ಹೊರಿಸಿದೆ.

ಆದರೆ ಈ ಕಲಮಿನ ಜಾತಕ ನೋಡಿ. 1955ರಲ್ಲಿ ಜೀವನಾಂಶದ ಮಿತಿ ತಿಂಗಳಿಗೆ 500 ರೂಪಾಯಿ ಎಂದು ನಿಗದಿಯಾಯಿತು. ಅಕ್ಕಿಯ ಬೆಲೆ ಏರಿತು, ಶಾಲೆಯ ಫೀಸು ಏರಿತು, ಶಾಸಕರ ಸಂಬಳವೂ ಏರಿತು. ಕೆಲವು ರಾಜ್ಯಗಳು ತಮ್ಮಷ್ಟಕ್ಕೆ ಮಿತಿ ಹೆಚ್ಚಿಸಿಕೊಂಡವು. ಕೇಂದ್ರದ ಕಾನೂನಿನಲ್ಲಿ ಆ 500 ಅಳಿಸಿದ್ದು 2001ರಲ್ಲಿ. ನಲವತ್ತಾರು ವರ್ಷ!

ಮಧ್ಯಂತರ ಜೀವನಾಂಶದ ಅರ್ಜಿಯನ್ನು, ನೋಟಿಸು ಮುಟ್ಟಿದ 60 ದಿನದೊಳಗೆ ಸಾಧ್ಯವಾದಷ್ಟೂ ತೀರ್ಮಾನಿಸಬೇಕು ಎಂದು ಅದೇ ತಿದ್ದುಪಡಿ ಹೇಳಿತು. ಇಡೀ ವಾಕ್ಯದ ಜೀವ ಹಿಂಡುವುದು ಆ 'ಸಾಧ್ಯವಾದಷ್ಟೂ'. ನೋಟಿಸು ಮುಟ್ಟುವುದೇ ಮೊದಲ ಯುದ್ಧ. ಆಸಾಮಿ ಊರಲ್ಲಿಲ್ಲ, ಬಾಗಿಲಿಗೆ ಬೀಗ. ಮುಟ್ಟಿದ ಮೇಲೆ ವಕೀಲರಿಗೆ ಸಮಯ ಬೇಕು. ಆಮೇಲೆ ಆದಾಯದ ಕಣ್ಣಾಮುಚ್ಚಾಲೆ. ಸರ್ಕಾರಿ ನೌಕರನಾದರೆ ಸಂಬಳದ ಚೀಟಿ ಸಿಗುತ್ತದೆ. ಸ್ವಂತ ಅಂಗಡಿ, ಟ್ಯಾಕ್ಸಿ, ಕಂಟ್ರಾಕ್ಟು ಎಂದರೆ ಕೋರ್ಟಿನ ಬಾಗಿಲಲ್ಲಿ ಎಲ್ಲರೂ ಕಡುಬಡವರೇ. ಇದು ತಿಳಿದೇ 2020ರಲ್ಲಿ ಸುಪ್ರೀಂ ಕೋರ್ಟು ಇಬ್ಬರೂ ಆಸ್ತಿ, ಸಾಲ, ಆದಾಯದ ಪ್ರಮಾಣಪತ್ರ ಸಲ್ಲಿಸುವುದನ್ನು ಕಡ್ಡಾಯ ಮಾಡಿ, ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕ ಹಾಕಿ ಎಂದಿತು. ಒಳ್ಳೆಯ ತೀರ್ಪು.

ಆದೇಶ ಕೈಗೆ ಬಂದಾಗ ಕಥೆ ಮುಗಿಯಿತು ಎಂದುಕೊಂಡರೆ ಎರಡನೇ ಅಂಕ ಈಗ ಶುರು. ಆತ ಕೊಡದಿದ್ದರೆ? ವಸೂಲಿಗೆ ಮತ್ತೆ ಅರ್ಜಿ ಹಾಕಬೇಕು, ಅದೂ ಬಾಕಿಯಾದ ಒಂದು ವರ್ಷದೊಳಗೆ. ಆಕೆ ಮತ್ತೆ ಕೂಲಿ ಬಿಟ್ಟು, ಮಗುವನ್ನು ಸೊಂಟದ ಮೇಲಿಟ್ಟುಕೊಂಡು, ಬಸ್ಸು ಹತ್ತಿ ವಾಯಿದೆಗೆ ಬರಬೇಕು. ಕೊಡದವನನ್ನು ಬಾಕಿಯ ಒಂದೊಂದು ತಿಂಗಳಿಗೆ ಒಂದು ತಿಂಗಳವರೆಗೆ ಜೈಲಿಗೆ ಹಾಕಬಹುದು. ಜೈಲಿಗೆ ಹೋದರೂ ಬಾಕಿ ತೀರುವುದಿಲ್ಲ ಎಂದು ಕಾನೂನು ಹೇಳುತ್ತದೆ. ಆದರೆ ಒಳಗಿದ್ದವನು ದುಡಿಯುವುದೂ ಇಲ್ಲ, ಮಗುವಿಗೆ ಹಾಲು ಬರುವುದೂ ಇಲ್ಲ. 2024ರ ಡಿಸೆಂಬರ್‌ನಲ್ಲಿ ಕೊಯಮತ್ತೂರಿನಲ್ಲಿ ಒಬ್ಬಾತ ಜೀವನಾಂಶದ 80,000 ರೂಪಾಯಿಯನ್ನು ಒಂದು, ಎರಡು ರೂಪಾಯಿಯ ನಾಣ್ಯಗಳಲ್ಲಿ ತುಂಬಿಸಿಕೊಂಡು ಕೋರ್ಟಿಗೆ ಬಂದ. ನೋಟು ಮಾಡಿಸಿಕೊಂಡು ಬಾ ಎಂದು ನ್ಯಾಯಾಧೀಶರು ವಾಪಸು ಕಳಿಸಿದರು. ಸುದ್ದಿ ಓದಿದ ಅನೇಕರಿಗೆ ಅದು ತಮಾಷೆಯಾಗಿ ಕಂಡಿತು.

ತಮಾಷೆ ಮಾಡುವವರ ಕೈಗೆ ಸಿಕ್ಕ ಇನ್ನೊಂದು ಸರಕು ನಮ್ಮದೇ ಹೈಕೋರ್ಟಿನದು. 2024ರ ಆಗಸ್ಟ್‌ನಲ್ಲಿ ಮಹಿಳೆಯೊಬ್ಬರು ತಿಂಗಳಿಗೆ 6,16,300 ರೂಪಾಯಿ ಕೇಳಿದ್ದು, ಅಷ್ಟು ಖರ್ಚು ಮಾಡಬೇಕೆಂದಿದ್ದರೆ ದುಡಿಯಲಿ ಎಂದು ನ್ಯಾಯಮೂರ್ತಿ ಗದರಿದ್ದು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ನ್ಯಾಯಮೂರ್ತಿ ಸರಿಯಾಗಿಯೇ ಗದರಿದರು. ಆಕೆಗೆ ಮಕ್ಕಳನ್ನು ನೋಡಿಕೊಳ್ಳುವ ಜವಾಬ್ದಾರಿಯೂ ಇಲ್ಲ ಎಂದು ಆ ವಿಚಾರಣೆಯಲ್ಲೇ ಅವರು ಹೇಳಿದ್ದರು. ವಿಡಿಯೊ ಹಂಚಿದವರು ಅದನ್ನು ಕೇಳಿಸಿಕೊಂಡಂತಿಲ್ಲ. ಹೆಂಡತಿಯ ಜೀವನಾಂಶದ ಬಗ್ಗೆ ವಾದ ಮಾಡಬಹುದು. ಆಕೆ ದುಡಿಯುತ್ತಾಳೆ, ಓದಿದ್ದಾಳೆ, ಸುಳ್ಳು ಕೇಸು ಹಾಕಿದ್ದಾಳೆ ಎನ್ನಬಹುದು, ಕೆಲವೊಮ್ಮೆ ಅದು ನಿಜವೂ ಇರಬಹುದು. ಮೂರು ವರ್ಷದ ಮಗುವಿನ ಮೇಲೆ ಇಂಥ ಯಾವ ವಾದ ನಡೆಯುತ್ತದೆ? ಎರಡನ್ನೂ ಒಂದೇ ಬುಟ್ಟಿಗೆ ಹಾಕಿ, ಹೆಂಡತಿಯ ಮೇಲಿನ ಸಿಟ್ಟನ್ನು ಮಗುವಿನ ಅನ್ನದ ಮೇಲೆ ತೀರಿಸಿಕೊಳ್ಳುವುದು ನಮ್ಮ ಗಂಡಸರಿಗೆ ಅಭ್ಯಾಸವಾಗಿದೆ.

ಕೊನೆಯ ಅಸ್ತ್ರ 'ಮಗು ನನ್ನದಲ್ಲ'. ಡಿಎನ್‌ಎ ಪರೀಕ್ಷೆ ಬಂದ ಮೇಲೆ ಇದು ಹೆಚ್ಚಿದೆ. ಗಂಡ ಹೆಂಡತಿಯ ಜಗಳದಲ್ಲಿ ಮಕ್ಕಳನ್ನು ಕೇಳಿದಾಗಲೆಲ್ಲ ಈ ಪರೀಕ್ಷೆಗೆ ಒಡ್ಡುವಂತಿಲ್ಲ ಎಂದು 2023ರಲ್ಲಿ ಸುಪ್ರೀಂ ಕೋರ್ಟು ಕಡಿವಾಣ ಹಾಕಿತು. ಇನ್ನು ಅಪ್ಪನ ಹಕ್ಕಿನ ವಿಷಯ ಬಂದರೆ ಎಲ್ಲವೂ ಚುರುಕು. 1956ರ ಹಿಂದೂ ಕಾಯ್ದೆಯಲ್ಲಿ ಮಗುವಿನ ಸಹಜ ಪೋಷಕ ಮೊದಲು ತಂದೆ, ಆತನ ನಂತರ ತಾಯಿ. ಲೇಖಕಿ ಗೀತಾ ಹರಿಹರನ್ ಮಗನ ಹೆಸರಿನಲ್ಲಿ ಬಾಂಡು ಕೊಳ್ಳಲು ಹೋದಾಗ ತಾಯಿಯ ಸಹಿ ಸಾಲದು ಎಂದಿತು ರಿಸರ್ವ್ ಬ್ಯಾಂಕು. 1999ರಲ್ಲಿ ಅವರು ಸುಪ್ರೀಂ ಕೋರ್ಟಿನಲ್ಲಿ ಗೆದ್ದ ಮೇಲೆ 'ನಂತರ' ಎಂದರೆ ತಂದೆ ಸತ್ತ ಮೇಲೆ ಎಂದಷ್ಟೇ ಅಲ್ಲ, ಆತ ಹೊಣೆ ಹೊರದಿದ್ದಾಗಲೂ ಎಂದು ಓದಿಕೊಳ್ಳಬೇಕಾಯಿತು.

ಬೇರೆ ದೇಶಗಳು ಏನು ಮಾಡಿವೆ? ಆಸ್ಟ್ರೇಲಿಯಾ 1988ರಲ್ಲಿ ಮಕ್ಕಳ ಜೀವನಾಂಶ ವಸೂಲಿಯ ಕಚೇರಿಯನ್ನು ತೆರಿಗೆ ಇಲಾಖೆಯ ಒಳಗೇ ತೆರೆಯಿತು. ಆದಾಯ ಯಾರದ್ದೆಷ್ಟು ಎಂದು ತೆರಿಗೆಯವರಿಗಲ್ಲದೆ ಇನ್ಯಾರಿಗೆ ಗೊತ್ತು? ಜರ್ಮನಿಯಲ್ಲಿ ಅಪ್ಪ ಕೊಡದಿದ್ದರೆ ಸರ್ಕಾರವೇ ಮಗುವಿಗೆ ಮುಂಗಡ ಕೊಡುತ್ತದೆ, ಆಮೇಲೆ ಅಪ್ಪನ ಬೆನ್ನು ಹತ್ತುತ್ತದೆ. ಬ್ರಿಟನ್ 1993ರಲ್ಲಿ ತೆರೆದ ಏಜೆನ್ಸಿ ಲೆಕ್ಕದ ಗೋಜಲಿನಲ್ಲಿ ಸಿಕ್ಕಿಕೊಂಡು ಹೆಸರು ಕೆಡಿಸಿಕೊಂಡಿತು; ಅದನ್ನು ಮುಚ್ಚಿ ಬೇರೆ ವ್ಯವಸ್ಥೆ ಮಾಡಬೇಕಾಯಿತು. ಅಂದರೆ ಕೆಲಸ ಸುಲಭವಲ್ಲ. ಆದರೆ ಬೆನ್ನು ಹತ್ತುವುದು ಸರ್ಕಾರದ ಕೆಲಸ ಎಂದು ಅವರೆಲ್ಲ ಒಪ್ಪಿದ್ದಾರೆ. ನಮ್ಮಲ್ಲಿ ಅದು ಇನ್ನೂ ತಾಯಿಯ ಕೆಲಸ. ಬೈಕಿನ ಇಎಂಐ ಐದನೇ ತಾರೀಖಿಗೆ ತಾನಾಗಿ ಖಾತೆಯಿಂದ ಹೋಗುವ ದೇಶದಲ್ಲಿ, ಮಗುವಿನ ಎರಡು ಸಾವಿರಕ್ಕೆ ಅಮೀನ ಊರೂರು ಅಲೆಯುತ್ತಾನೆ.

ಕರ್ನಾಟಕಕ್ಕೆ ಇದು ಕೈಗೆಟುಕದ ಮಾತಲ್ಲ. 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯೊಡತಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಹಾಕುವ ಸರ್ಕಾರಕ್ಕೆ ಹಣ ಮುಟ್ಟಿಸುವ ದಾರಿ ಗೊತ್ತಿದೆ. ಕೋರ್ಟಿನ ಆದೇಶವಿದ್ದೂ ಜೀವನಾಂಶ ಬಾರದ ಮಕ್ಕಳಿಗೆ ಅದೇ ದಾರಿಯಲ್ಲಿ ಮುಂಗಡ ಕೊಟ್ಟು, ಕಂದಾಯ ಬಾಕಿ ವಸೂಲು ಮಾಡುವಂತೆ ತಂದೆಯಿಂದ ವಸೂಲು ಮಾಡಲಿ. ವಿಧಾನಸಭೆಯಲ್ಲಿ ಯಾರಾದರೂ ಒಬ್ಬ ಶಾಸಕ ಈ ಪ್ರಶ್ನೆ ಎತ್ತಲಿ.

ಇನ್ನೊಂದು ಕೆಲಸಕ್ಕೆ ವಿಧಾನಸಭೆಯೂ ಬೇಡ. ಪ್ರತಿ ವರ್ಷ ನವೆಂಬರ್ ಕೊನೆಯಲ್ಲಿ ಆರೋಗ್ಯ ಇಲಾಖೆ ಗಂಡಸರ ಆಪರೇಷನ್‌ಗೆಂದೇ ಪಾಕ್ಷಿಕ ಆಚರಿಸುತ್ತದೆ. ಬ್ಯಾನರ್ ಕಟ್ಟುತ್ತಾರೆ, ಫೋಟೊ ತೆಗೆಯುತ್ತಾರೆ. ಹೊಲಿಗೆಯಿಲ್ಲದ ಈ ಆಪರೇಷನ್ ಅರ್ಧ ಗಂಟೆಯದ್ದೂ ಅಲ್ಲ, ಅವತ್ತೇ ನಡೆದುಕೊಂಡು ಮನೆಗೆ ಹೋಗಬಹುದು. ಮೂರು ತಿಂಗಳು ಬೇರೆ ಎಚ್ಚರಿಕೆ ಬೇಕು ಅಷ್ಟೆ, ಗಂಡಸುತನಕ್ಕೆ ಏನೂ ಆಗುವುದಿಲ್ಲ. ಇದನ್ನು ಆಶಾ ಕಾರ್ಯಕರ್ತೆ ಹೆಂಡತಿಯ ಕಿವಿಯಲ್ಲಿ ಹೇಳಿ ಪ್ರಯೋಜನವಿಲ್ಲ. ಎರಡನೇ ಹೆರಿಗೆಗೆ ಬಂದ ಹೆಂಗಸಿನ ಮುಂದೆ ಆಪರೇಷನ್ ಫಾರಂ ಇಡುವ ಮೊದಲು, ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿರುವ ಗಂಡನನ್ನು ವೈದ್ಯರು ಒಳಗೆ ಕರೆಯಲಿ. 'ನೀವು ಮಾಡಿಸಿಕೊಳ್ಳುತ್ತೀರಾ?' ಎಂದು ಮೊದಲು ಅವನನ್ನು ಕೇಳಲಿ.